ಮೊದಲು ಖಾಲಿ ಮನೆ, ಆಮೇಲೆ ಸಾಮಾನು

1984ರಲ್ಲಿ ದಾವಣಗೆರೆಯ ಚಿತ್ರಕಲಾ ಶಾಲೆಯಲ್ಲಿ ಓದುವಾಗ ನನಗೂ ಒಬ್ಬ ಗೆಳೆಯನಿಗೂ ಒಂದು ಪಂತ ಬಿದ್ದಿತ್ತು. ಲೈಬ್ರರಿಯ ದಪ್ಪ ಪುಸ್ತಕವೊಂದರಲ್ಲಿ ಫ್ರಾನ್ಸಿನ ಮಾತಿಸ್ ಬರೆದ ‘ಬದುಕಿನ ಖುಷಿ’ ಅನ್ನುವ ಚಿತ್ರವಿತ್ತು. ಹಿಂದೆ ಮುಂದೆ ಎಲ್ಲ ಪುಟಗಳಲ್ಲೂ ಬಣ್ಣ. ಇದೊಂದು ಮಾತ್ರ ಕಪ್ಪು ಬಿಳುಪು. ಮೇಷ್ಟ್ರನ್ನು ಕೇಳಿದೆವು.

“ಅದರ ಯಜಮಾನ ಬಣ್ಣದಲ್ಲಿ ಅಚ್ಚು ಹಾಕೋಕೆ ಬಿಡಲ್ಲ ಕಣ್ರೋ.”

“ಅವನು ಎಲ್ಲಿದ್ದಾನೆ ಸರ್?”

“ಸತ್ತು ಮೂವತ್ತು ವರ್ಷ ಆಯ್ತು. ಆದ್ರೂ ಬಿಡಲ್ಲ.”

ಚಿತ್ರದ ನಡುವೆ ಇಬ್ಬರು ಹೆಂಗಸರು ಹುಲ್ಲಿನ ಮೇಲೆ ಒರಗಿಕೊಂಡಿದ್ದಾರೆ. ಅವರ ಕೆಳಗಿನ ನೆಲ ಯಾವ ಬಣ್ಣ? ಗೆಳೆಯ ಹಳದಿ ಅಂದ. ಅದೂ ಅರಿಶಿನ ಕಲಸಿದ ಹಾಗೆ ಗಾಢ ಹಳದಿ. ನಾನು ಕೆನೆ ಬಣ್ಣ ಅಂದೆ. ಸೋತವನು ಎರಡು ಬೆಣ್ಣೆ ದೋಸೆ ಕೊಡಿಸಬೇಕು. ಮೂಲ ಚಿತ್ರ ಇರೋದು ಅಮೆರಿಕದಲ್ಲಿ, ನಾವಿಬ್ಬರೂ ಅಲ್ಲಿಗೆ ಹೋಗೋದಿಲ್ಲ ಅನ್ನುವ ಧೈರ್ಯದಲ್ಲಿ ಕಟ್ಟಿದ ಪಂತ ಅದು.

ಆಮೇಲೆ ಸಾಗರದ ಕಡೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಹೊಂದಿಸಿಟ್ಟ ಹೂಜಿ, ಎರಡು ಬಾಳೆಹಣ್ಣು ಬರೆಸುವುದರಲ್ಲೇ ಸರ್ವಿಸ್ ಕಳೆದೆ. ಅಷ್ಟರಲ್ಲಿ ಇಂಟರ್ನೆಟ್ ಬಂತು. ಚಿತ್ರವೂ ಬಂತು. ಆದರೆ ಒಂದೊಂದು ಫೋಟೋದಲ್ಲಿ ನೆಲ ಒಂದೊಂದು ಬಣ್ಣ. ಗೆಳೆಯ ಹಳದಿಯಾಗಿ ಕಾಣುವುದನ್ನು ಹುಡುಕಿ ಕಳಿಸುತ್ತಿದ್ದ, ನಾನು ಕೆನೆ ಬಣ್ಣದ್ದನ್ನು. ಮೂಲ ನೋಡಿದ ಮೇಲೇ ತೀರ್ಮಾನ ಅಂತ ಬಿಟ್ಟುಬಿಟ್ಟೆವು.

ಕಳೆದ ಮೇ ತಿಂಗಳು ಮಗಳ ಮನೆಗೆ ಹೋದೆ. ಅವರಿರೋದು ಫಿಲಡೆಲ್ಫಿಯಾದ ಪಶ್ಚಿಮಕ್ಕೆ, ಎಕ್ಸ್‌ಟನ್ ಅನ್ನುವ ಊರಲ್ಲಿ. ಬಾರ್ನ್ಸ್ ಫೌಂಡೇಶನ್ನಿಗೆ, ಅಂದರೆ ನಮ್ಮ ಪಂತದ ಚಿತ್ರದ ಆ ಯಜಮಾನ ಕಟ್ಟಿದ ಸಂಸ್ಥೆಗೆ, ಟಿಕೆಟ್ ಮಾಡಿಸು ಅಂದೆ. ಸೋಮವಾರ ಮಧ್ಯಾಹ್ನ 2 ಗಂಟೆಗೆ ಸಿಕ್ಕಿತು. ಬೆಲೆ ಎಷ್ಟು ಅಂತ ಮಗಳು ಬಾಯಿ ಬಿಡಲಿಲ್ಲ. ಆಮೇಲೆ ನೋಡಿದರೆ ಒಬ್ಬರಿಗೆ 30 ಡಾಲರಿನ ಆಸುಪಾಸು. ಅದನ್ನು ರೂಪಾಯಿಗೆ ಗುಣಿಸುವ ಚಾಳಿ ಮೊದಲ ವಾರದಲ್ಲೇ ಬಿಟ್ಟಿದ್ದೆ, ಅವತ್ತು ಮತ್ತೆ ಗುಣಿಸಿದೆ.

“ಮೊದಲು ಮೇರಿಯನ್‌ಗೆ ಹೋಗಿ ಆಮೇಲೆ ಅಲ್ಲಿಗೆ ಬರ್ತೀನಿ” ಅಂದೆ. ಬಾರ್ನ್ಸ್‌ನ ಚಿತ್ರಗಳು ಮೊದಲು ಇದ್ದದ್ದು ಆ ಊರಲ್ಲಿ.

ಅಳಿಯ ಫೋನಿನಲ್ಲಿ ನೋಡಿ, “ಮಾವ, ಅಲ್ಲಿ ಈಗ ಒಂದು ಚಿತ್ರಾನೂ ಇಲ್ಲ. ಎಲ್ಲ ಸಿಟಿಗೆ ಸಾಗಿಸಿ ಆಗಿದೆ. ಸುಮ್ನೆ ಯಾಕೆ?” ಅಂದ.

ಅದಕ್ಕೇ ಹೋಗಬೇಕು ಅನ್ನಿಸಿತ್ತು. ಮೊದಲು ಖಾಲಿ ಮನೆ ನೋಡೋಣ, ಆಮೇಲೆ ಸಾಮಾನು ನೋಡೋಣ.

ಎಕ್ಸ್‌ಟನ್‌ನಿಂದ ಸಿಟಿಗೆ ಹೋಗುವ ಲೋಕಲ್ ರೈಲಿನ ದಾರಿಯಲ್ಲೇ ಮೇರಿಯನ್ ಸ್ಟೇಷನ್ನೂ ಸಿಗುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ರೈಲು ಮುಕ್ಕಾಲು ಪಾಲು ಖಾಲಿ. ಕಿಟಕಿಯಾಚೆ ಬರೀ ಮರ, ಮರದ ಸಂದಿಯಲ್ಲಿ ಕಲ್ಲಿನ ದೊಡ್ಡ ಮನೆಗಳು. ಈ ರೈಲು ದಾರಿಗುಂಟ ಇರುವ ಊರುಗಳಿಗೆ ಮೇನ್ ಲೈನ್ ಅಂತಾರೆ. ಹಳೇ ದುಡ್ಡಿನವರ, ಅಂದರೆ ತಲೆತಲಾಂತರದ ಶ್ರೀಮಂತರ ಜಾಗ.

ಬಾರ್ನ್ಸ್ ಹಳೇ ದುಡ್ಡಿನವನಲ್ಲ. 1872ರಲ್ಲಿ ಫಿಲಡೆಲ್ಫಿಯಾದ ಬಡ ಕಾರ್ಮಿಕರ ಕೇರಿಯಲ್ಲಿ ಹುಟ್ಟಿದವನು. ಅಪ್ಪ ಮಾಂಸದಂಗಡಿಯವನು, ಅಂತರ್ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದ. ಹುಡುಗ ಓದಿ 1892ರಲ್ಲಿ ಡಾಕ್ಟರಾದ. ಆದರೆ ರೋಗಿಗಳನ್ನು ನೋಡುವ ಕಸುಬು ಹಿಡಿಯಲಿಲ್ಲ. ಜರ್ಮನಿಯ ಒಬ್ಬ ರಸಾಯನ ವಿಜ್ಞಾನಿಯ ಜೊತೆ ಸೇರಿ ಬೆಳ್ಳಿಯಿಂದ ಆರ್ಜಿರಾಲ್ ಅನ್ನುವ ಔಷಧಿ ಮಾಡಿದ. ಆಗ ತಾಯಿಯ ಸೋಂಕು ತಗಲಿ ಎಷ್ಟೋ ಕೂಸುಗಳು ಹುಟ್ಟುತ್ತಲೇ ಕಣ್ಣು ಕಳೆದುಕೊಳ್ಳುತ್ತಿದ್ದವು. ಈ ಔಷಧಿಯ ಹನಿ ಅದನ್ನು ತಡೆಯುತ್ತಿತ್ತು. ದುಡ್ಡು ಹೊಳೆಯಾಗಿ ಬಂತು. 1929ರ ಬೇಸಿಗೆಯಲ್ಲಿ ಕಂಪನಿಯನ್ನು ಮಾರಿದ. ಅದಾಗಿ ಕೆಲವೇ ತಿಂಗಳಿಗೆ ಅಮೆರಿಕದ ಷೇರುಪೇಟೆ ಕುಸಿಯಿತು. ಬೇರೆಯವರು ಮನೆಯಲ್ಲಿದ್ದ ಚಿತ್ರಗಳನ್ನು ಮಾರುವ ಕಾಲಕ್ಕೆ ಇವನ ಕೈತುಂಬಾ ನಗದು.

ಚಿತ್ರದ ಹುಚ್ಚು ಅದಕ್ಕೂ ಮೊದಲೇ ಹತ್ತಿತ್ತು. 1912ರಲ್ಲಿ ಹೈಸ್ಕೂಲ್ ಗೆಳೆಯ, ಚಿತ್ರಕಾರ ವಿಲಿಯಂ ಗ್ಲಾಕೆನ್ಸ್ ಕೈಗೆ 20,000 ಡಾಲರ್ ಕೊಟ್ಟು ಪ್ಯಾರಿಸ್ಸಿಗೆ ಕಳಿಸಿದ. ಆತ 33 ಚಿತ್ರ ತಂದ. ಅದರಲ್ಲಿ ವ್ಯಾನ್ ಗೋ ಬರೆದ ಗಡ್ಡದ ಅಂಚೆಯವನೂ ಇದ್ದ. ಆಮೇಲೆ ಬಾರ್ನ್ಸ್ ತಾನೇ ಹೋಗಿ ತರತೊಡಗಿದ. ಇವತ್ತು ಆ ಸಂಗ್ರಹದಲ್ಲಿ ರೆನ್ವಾ ಬರೆದವೇ ಸುಮಾರು 180 ಇವೆ. ಸೆಜಾನ್‌ನವು 69, ಮಾತಿಸ್‌ನವು 59. ಒಬ್ಬನೇ ಮನುಷ್ಯ ಕೂಡಿಟ್ಟದ್ದು.

ಗುಣ ಹೇಗೆ ಅಂದರೆ, ಮಹಾ ಜಗಳಗಂಟ. 1923ರಲ್ಲಿ ಫಿಲಡೆಲ್ಫಿಯಾದಲ್ಲಿ ತನ್ನ ಕೆಲವು ಚಿತ್ರಗಳ ಪ್ರದರ್ಶನ ಇಟ್ಟಾಗ ಪತ್ರಿಕೆಗಳವರು ಹೀಯಾಳಿಸಿ ಬರೆದರು. ಅವನು ಸಾಯುವವರೆಗೂ ಅದನ್ನು ಮರೆಯಲಿಲ್ಲ. ಸಿಟಿಯ ದೊಡ್ಡ ಮನುಷ್ಯರು ಚಿತ್ರ ನೋಡಲು ಬರುತ್ತೇವೆ ಅಂತ ಕಾಗದ ಬರೆದರೆ ಬೈದು ಉತ್ತರ ಬರೆಯುತ್ತಿದ್ದ. ಕೆಲವು ಉತ್ತರಗಳಿಗೆ ತನ್ನ ನಾಯಿಯ ಹೆಸರಿನಲ್ಲಿ ಸಹಿ! ಕಾದಂಬರಿಕಾರ ಜೇಮ್ಸ್ ಮಿಚೆನರ್ ವಿದ್ಯಾರ್ಥಿಯಾಗಿದ್ದಾಗ ಒಳಗೆ ಬಿಡಲಿಲ್ಲವಂತೆ. ನಾನೊಬ್ಬ ಉಕ್ಕಿನ ಕಾರ್ಖಾನೆಯ ಕೂಲಿ ಅಂತ ಸುಳ್ಳು ಬರೆದ ಮೇಲೆ ಬಿಟ್ಟನಂತೆ. ಬರ್ಟ್ರಂಡ್ ರಸೆಲ್‌ಗೆ ಪಾಠ ಹೇಳುವ ಕೆಲಸ ಕೊಟ್ಟು, ಮಧ್ಯದಲ್ಲೇ ತೆಗೆದುಹಾಕಿ, ಕೋರ್ಟಿನಲ್ಲಿ ಸೋತು 20,000 ಡಾಲರ್ ದಂಡ ತೆತ್ತ. ನಮ್ಮ ಕಡೆ ಇಂಥವರಿಗೆ ತಲೆತಿರುಕ ಅಂತೀವಿ.

ಆದರೆ ಇದೇ ಮನುಷ್ಯ ತನ್ನ ಔಷಧಿ ಕಾರ್ಖಾನೆಯಲ್ಲಿ ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಕೂರಿಸಿ, ಕೆಲಸದ ಹೊತ್ತಿನಲ್ಲೇ ದಿನಕ್ಕೆ ಎರಡು ಗಂಟೆ ಓದು, ಚರ್ಚೆ ಮಾಡಿಸುತ್ತಿದ್ದ. ಗೋಡೆಗೆ ಅಸಲಿ ಚಿತ್ರಗಳನ್ನೇ ಹಾಕಿದ್ದ. 1922ರಲ್ಲಿ ಫೌಂಡೇಶನ್ ಕಟ್ಟಿದ್ದು ಮ್ಯೂಸಿಯಂ ಅಂತ ಅಲ್ಲ, ಶಾಲೆ ಅಂತ. ಅದರ ಟ್ರಸ್ಟ್ ಪತ್ರದಲ್ಲಿ ಬರೆಸಿದ್ದು ಏನೆಂದರೆ, ಅಂಗಡಿ, ಕಾರ್ಖಾನೆ, ಶಾಲೆಗಳಲ್ಲಿ ದುಡಿದು ತಿನ್ನುವ ಸಾಧಾರಣ ಜನರಿಗೆ ಇಲ್ಲಿ ಪುಕ್ಕಟೆ ಪ್ರವೇಶ ಇರಬೇಕು. ಶಾಲೆಗಳಲ್ಲಿ ದುಡಿಯುವವರು ಅನ್ನುವುದನ್ನು ಓದಿದಾಗ ನನಗೆ ಖುಷಿಯಾಗಿತ್ತು. ಡ್ರಾಯಿಂಗ್ ಮೇಷ್ಟ್ರನ್ನು ಬಿಡುತ್ತಿದ್ದ. ಹೆಡ್‌ಮಾಸ್ಟರನ್ನು ಬಿಡುತ್ತಿದ್ದನೋ ಇಲ್ಲವೋ!

ಮೇರಿಯನ್‌ನಲ್ಲಿ ಇಳಿದವನು ನಾನೊಬ್ಬನೇ. ಪುಟ್ಟ ಸ್ಟೇಷನ್. ಅಲ್ಲಿಂದ ಲ್ಯಾಚಸ್ ಲೇನ್‌ಗೆ ನಡೆದೇ ಹೋದೆ. ಎರಡೂ ಕಡೆ ಹುಲ್ಲುಹಾಸು, ನಮ್ಮೂರಿನ ಛತ್ರದಷ್ಟು ದೊಡ್ಡ ಮನೆಗಳು, ಒಂದು ನರಪಿಳ್ಳೆ ಇಲ್ಲ. ಎಲ್ಲೋ ಹುಲ್ಲು ಕತ್ತರಿಸುವ ಮೆಷಿನ್ನಿನ ಸದ್ದು. ಇಂಥ ಬೀದಿಯಲ್ಲಿ ಒಂದು ಟೂರಿಸ್ಟ್ ಬಸ್ಸು ಬಂದು ನಿಂತರೆ ಹೇಗಿರುತ್ತೆ ಅಂತ ಊಹಿಸಬಹುದು. ಅದೇ ಇಲ್ಲಿ ಜಗಳದ ಮೂಲ.

ಬಾರ್ನ್ಸ್ 1951ರ ಜುಲೈನಲ್ಲಿ ಕಾರು ಓಡಿಸುತ್ತಾ ಸ್ಟಾಪ್ ಬೋರ್ಡಿನ ಹತ್ತಿರ ನಿಲ್ಲಿಸದೆ ಹೋಗಿ ಲಾರಿಗೆ ಸಿಕ್ಕಿ ಸತ್ತ. ಮಕ್ಕಳಿಲ್ಲ. ಬರೆದಿಟ್ಟ ಪತ್ರ ಮಾತ್ರ ಕಬ್ಬಿಣದ ಕಡಲೆ. ಒಂದು ಚಿತ್ರವನ್ನೂ ಮಾರಬಾರದು. ಎರವಲು ಕೊಡಬಾರದು. ಗೋಡೆಯಿಂದ ಜರುಗಿಸಬಾರದು. ಹೊಸದನ್ನು ಕೊಳ್ಳಬಾರದು. ಇಡುಗಂಟನ್ನು ಬಾಂಡ್‌ಗಳಂಥ ಭದ್ರ ಕಡೆ ಮಾತ್ರ ಹಾಕಬೇಕು. 1961ರಲ್ಲಿ ಕೋರ್ಟಿನ ಒತ್ತಾಯಕ್ಕೆ ವಾರಕ್ಕೆ ಎರಡು ದಿನ ಸಾರ್ವಜನಿಕರಿಗೆ ಬಾಗಿಲು ತೆಗೆದರು. ಬೆಲೆ ಏರುತ್ತಾ ಹೋಯಿತು, ಬಾಂಡಿನ ಬಡ್ಡಿ ಅಲ್ಲೇ ನಿಂತಿತು. ತೊಂಬತ್ತರ ದಶಕದ ಹೊತ್ತಿಗೆ ಗೋಡೆ ಮೇಲೆ ಕೋಟಿ ಕೋಟಿ, ಪೆಟ್ಟಿಗೆಯಲ್ಲಿ ಕಾಸಿಲ್ಲ.

ಆಗ ಫೌಂಡೇಶನ್ನಿನ ಅಧ್ಯಕ್ಷರಾಗಿದ್ದವರು ರಿಚರ್ಡ್ ಗ್ಲಾಂಟನ್, ಕರಿಯರು. ಮೊದಲು ಕೆಲವು ಚಿತ್ರ ಮಾರೋಣ ಅಂದರು, ಗಲಾಟೆಯಾಯಿತು. ಆಮೇಲೆ ಕೋರ್ಟಿನ ಒಪ್ಪಿಗೆ ಪಡೆದು 1993ರಿಂದ 1995ರವರೆಗೆ ವಾಷಿಂಗ್ಟನ್, ಪ್ಯಾರಿಸ್, ಟೋಕಿಯೊ ಅಂತ ಚಿತ್ರಗಳನ್ನು ಊರೂರು ತಿರುಗಿಸಿದರು. ಅದರ ದುಡ್ಡಿನಲ್ಲಿ ಕಟ್ಟಡ ರಿಪೇರಿ ಆಯಿತು. ಮತ್ತೆ ತೆರೆಯುವಾಗ ಬಸ್ಸು ನಿಲ್ಲಿಸಲು ಜಾಗ ಬೇಕು ಅಂದರು. ನೆರೆಯವರು ಬೇಡ ಅಂದರು. ಗದ್ದಲ, ಹೊಗೆ, ನಮ್ಮ ಗೇಟಿನ ಮುಂದೆ ಕಾರು. ಮಾತಿಗೆ ಮಾತು ಬೆಳೆದು, ಇವರು ಜನಾಂಗ ದ್ವೇಷದಿಂದ ಹೀಗೆ ಮಾಡುತ್ತಿದ್ದಾರೆ ಅಂತ ಗ್ಲಾಂಟನ್ ಕಡೆಯವರು ನೆರೆಯವರ ಮೇಲೇ ಕೇಸು ಹಾಕಿದರು. ಸ್ಥಳೀಯ ಆಡಳಿತ ವಾರಕ್ಕೆ 1,200 ಜನ ಮಾತ್ರ ಅಂತ ಮಿತಿ ಹಾಕಿತು. ಲಾಯರುಗಳ ಫೀಸಿಗೆ ಇದ್ದಬದ್ದ ದುಡ್ಡೂ ಕರಗಿತು.

2002ರಲ್ಲಿ ಫೌಂಡೇಶನ್ನೇ ಕೋರ್ಟಿಗೆ ಹೋಗಿ, ಸಂಗ್ರಹವನ್ನು ಸಿಟಿಗೆ ಸಾಗಿಸಲು ಬಿಡಿ ಅಂತ ಕೇಳಿತು. ಆಗ ನೋಡಿ ತಮಾಷೆ. ಬಸ್ಸು ಬೇಡ ಅಂತ ಕೂಗಿದ್ದ ಇದೇ ಬೀದಿಗಳಲ್ಲಿ ಮನೆ ಮನೆ ಮುಂದೆ ಬೋರ್ಡು ಎದ್ದವು: ಬಾರ್ನ್ಸ್ ಮೇರಿಯನ್ನಿಗೇ ಸೇರಿದ್ದು! ಸ್ಥಳೀಯ ಆಡಳಿತವೂ ಜಾಸ್ತಿ ಜನ ಬರಲಿ ಪರವಾಗಿಲ್ಲ ಅಂತ ನಿಯಮ ಸಡಿಲಿಸಿತು. ಆಗಲೇ ತಡವಾಗಿತ್ತು. ಈ ಬೀದಿಯವರ ಮೇಲೆ ಸಿಟ್ಟು ಮಾಡಿಕೊಂಡೇ ಬಂದಿದ್ದೆ. ಆದರೆ ಆ ಮೌನದಲ್ಲಿ ಹತ್ತು ನಿಮಿಷ ನಡೆದ ಮೇಲೆ, ನಾನು ಇಲ್ಲಿದ್ದಿದ್ದರೆ ನಾನೂ ಬಸ್ಸು ಬೇಡ ಅಂತಲೇ ಸಹಿ ಹಾಕುತ್ತಿದ್ದೆನೇನೋ ಅನ್ನಿಸಿತು.

ಗೇಟಿನ ಹತ್ತಿರ ನಾಯಿ ಹಿಡಿದುಕೊಂಡು ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರು ನಿಂತು ಕೇಳಿದರು. ಮರ ನೋಡೋಕೆ ಬಂದಿದ್ದೀರಾ, ಚಿತ್ರ ನೋಡೋಕಾ? ಚಿತ್ರ ಈಗಿಲ್ಲ ಅಂತ ಗೊತ್ತು, ಮನೆ ನೋಡೋಕೆ ಬಂದೆ ಅಂದೆ. ಅವರು ನಕ್ಕರು. “ಈಗಲೂ ಕೆಲವರು ವಿಳಾಸ ತಪ್ಪಿ ಇಲ್ಲಿಗೇ ಬರ್ತಾರೆ” ಅಂದರು. ಅದರಲ್ಲಿ ಬೇಜಾರಿತ್ತೋ, ಹೆಮ್ಮೆಯಿತ್ತೋ ತಿಳಿಯಲಿಲ್ಲ. ನಾಯಿ ಎಳೆಯಿತು, ಹೋದರು.

ಒಳಗೆ 12 ಎಕರೆ ತೋಟ. ಬಾರ್ನ್ಸ್ ಹೆಂಡತಿ ಲಾರಾ ಬೆಳೆಸಿದ್ದು. ಆಕೆ 1940ರಲ್ಲಿ ಇಲ್ಲೇ ತೋಟಗಾರಿಕೆ ಶಾಲೆಯನ್ನೂ ಶುರು ಮಾಡಿದ್ದರು. ಪಿಯೋನಿ ಹೂವು ಬಿರಿಯುವ ಕಾಲ. ನಮ್ಮ ಡೇರೆ ಹೂವಿನ ಅಕ್ಕನ ಹಾಗಿರುತ್ತದೆ, ತನ್ನ ಭಾರಕ್ಕೆ ತಾನೇ ಬಗ್ಗಿಕೊಂಡು. ಈಗ ಈ ಜಾಗ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯದ ಕೈಯಲ್ಲಿದೆ. ಹಳೇ ಗ್ಯಾಲರಿಯಲ್ಲಿ 2023ರಿಂದ ಅವರದೇ ಬೇರೆ ಮ್ಯೂಸಿಯಂ ನಡೆಯುತ್ತಿದೆ. ನಾನು ಹೋದ ದಿನ ಬಾಗಿಲು ಹಾಕಿತ್ತು. ಹೊರಗಿನಿಂದಲೇ ನೋಡಿದೆ.

ಪಾಲ್ ಕ್ರೆ ಅನ್ನುವ ವಾಸ್ತುಶಿಲ್ಪಿ ಕಟ್ಟಿದ್ದು, 1925ರಲ್ಲಿ ತೆರೆದದ್ದು. ಫ್ರಾನ್ಸಿನಿಂದ ತಂದ ಸುಣ್ಣಕಲ್ಲು, ಬೆಣ್ಣೆ ಬಣ್ಣ. ಬಾಗಿಲ ಸುತ್ತ ಮಾತ್ರ ಬೇರೆ ಲೋಕ. ಹೆಂಚಿನ ಬಿಲ್ಲೆಗಳಲ್ಲಿ ಆಫ್ರಿಕಾದ ಮೊಸಳೆ, ಮುಖವಾಡ. ಒಳಗೆ ಕಾಲಿಡುವ ಪ್ರತಿಯೊಬ್ಬನೂ ಮೊದಲು ಆಫ್ರಿಕಾದವರ ಕೈಕೆಲಸ ನೋಡಿಯೇ ಮುಂದೆ ಹೋಗಬೇಕು ಅನ್ನುವ ಹಾಗೆ. 1925ರ ಅಮೆರಿಕದಲ್ಲಿ, ಈ ಬೀದಿಯಲ್ಲಿ. ಚಿತ್ರಗಳೆಲ್ಲ ಹೋದರೂ ಗೋಡೆಗೆ ಅಂಟಿದ ಬಿಲ್ಲೆಗಳು ಇಲ್ಲೇ ಉಳಿದಿವೆ. ಸೆಕ್ಯುರಿಟಿ ಗಾಡಿಯೊಂದು ನಿಧಾನವಾಗಿ ಬಂದು ನನ್ನನ್ನು ನೋಡಿ ಹೋಯಿತು. ಮೆಟ್ಟಿಲ ಮೇಲೆ ಕೂತು ಒಂದು ಕೋಡುಬಳೆ ತಿಂದೆ.

ಮತ್ತೆ ರೈಲು. ಅಲ್ಲಿಂದ ಸಿಟಿ ಕಾಲು ಗಂಟೆ ದಾರಿ. ಇಷ್ಟು ಹತ್ತಿರದಿಂದ ಇಷ್ಟು ಹತ್ತಿರಕ್ಕೆ ಸಾಗಿಸೋಕೆ ಹತ್ತು ವರ್ಷ ಬಡಿದಾಡಿದ್ದಾ? ದೂರ ಎಂಟೇ ಕಿಲೋಮೀಟರು.

ಬೆಂಜಮಿನ್ ಫ್ರಾಂಕ್ಲಿನ್ ಪಾರ್ಕ್‌ವೇ ಅಂದರೆ ಅಗಲವಾದ ಸಾಲುಮರದ ರಸ್ತೆ. ಎರಡೂ ಕಡೆ ದೇಶದೇಶದ ಬಾವುಟ. ನಮ್ಮದನ್ನು ಹುಡುಕಿ ಫೋಟೋ ತೆಗೆದೆ, ಅದು ಬಿಡಲಾಗದ ರೋಗ. ರಸ್ತೆಯ ತುದಿಯಲ್ಲಿ ಗುಡ್ಡದ ಮೇಲೆ ಫಿಲಡೆಲ್ಫಿಯಾ ಕಲಾ ಮ್ಯೂಸಿಯಂ. ಹಳೇ ಬಾಕ್ಸಿಂಗ್ ಸಿನಿಮಾದ ಹೀರೋನ ಹಾಗೆ ಅದರ ಮೆಟ್ಟಿಲು ಹತ್ತಿ ಕೈ ಎತ್ತುವವರು ದೂರದಿಂದಲೇ ಕಾಣುತ್ತಾರೆ. ಬಾರ್ನ್ಸ್ ಜೀವಮಾನವಿಡೀ ಹಲ್ಲು ಕಡಿದದ್ದು ಈ ಮ್ಯೂಸಿಯಂ ಮೇಲೆ, ಈ ಮ್ಯೂಸಿಯಂ ನಡೆಸುವ ಜನರ ಮೇಲೆ. ಅವನ ಚಿತ್ರಗಳನ್ನು ತಂದು ಇಟ್ಟಿರುವುದು ಅದರ ಕಣ್ಣಳತೆಯಲ್ಲಿ. ಸಾಗಿಸಲು ದುಡ್ಡು ಕೂಡಿಸಿದ್ದು ಪ್ಯೂ, ಲೆನ್‌ಫೆಸ್ಟ್, ಆನೆನ್‌ಬರ್ಗ್ ಅನ್ನುವ ಮೂರು ದೊಡ್ಡ ದತ್ತಿ ಸಂಸ್ಥೆಗಳು. ಅದರಲ್ಲೂ ಆನೆನ್‌ಬರ್ಗ್ ಮನೆತನದ ಪತ್ರಿಕೆಗೂ ಬಾರ್ನ್ಸ್‌ಗೂ ಎಣ್ಣೆ ಸೀಗೆಕಾಯಿ. ಸತ್ತವರು ಮಗ್ಗುಲಾಗುತ್ತಾರೆ ಅನ್ನುವುದು ನಿಜವಾದರೆ ಇಲ್ಲಿ ಒಬ್ಬ ಉರುಳು ಸೇವೆಯನ್ನೇ ಮಾಡಿರಬೇಕು.

ಹೊಸ ಕಟ್ಟಡ 2012ರ ಮೇ ತಿಂಗಳಲ್ಲಿ ತೆರೆಯಿತು. ಟಾಡ್ ವಿಲಿಯಮ್ಸ್, ಬಿಲ್ಲಿ ಸಿಯೆನ್ ದಂಪತಿ ಕಟ್ಟಿದ್ದು. ಮೊದಲು ಇಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರನ್ನು ಇಡುವ ರಿಮ್ಯಾಂಡ್ ಹೋಮ್ ಇತ್ತಂತೆ. ನೀರಿನ ತೊಟ್ಟಿ, ಬೂದು ಹಳದಿ ಕಲ್ಲು, ಎತ್ತರದ ತಂಪು ಹಾಲ್, ಕಾಫಿ ಅಂಗಡಿ, ಮಗ್ ಮಾರುವ ಅಂಗಡಿ. ಮಗಳು ಆಫೀಸಿನಿಂದ ಅರ್ಧ ದಿನ ರಜ ಹಾಕಿ ಬಂದು ಕಾಯುತ್ತಿದ್ದಳು. “ಖಾಲಿ ಮನೆ ಹೇಗಿತ್ತಪ್ಪಾ?” ಅಂದಳು. ಖಾಲಿ ಇತ್ತು ಅಂದೆ.

ಹಾಲ್ ದಾಟಿ ಒಂದು ಬಾಗಿಲೊಳಗೆ ಹೋದರೆ ನಾನು ಬೆಳಗ್ಗೆ ಹೊರಗಿನಿಂದ ನೋಡಿ ಬಂದ ಮನೆಯ ಒಳಗಿದ್ದೆ.

ಇದು ಹೇಳೋಕೆ ಸ್ವಲ್ಪ ಕಷ್ಟ. ಕೋರ್ಟಿಗೆ ಮಾತು ಕೊಟ್ಟ ಹಾಗೆ ಮೇರಿಯನ್ನಿನ ಕೋಣೆಗಳನ್ನೇ ಇಲ್ಲಿ ಮತ್ತೆ ಕಟ್ಟಿದ್ದಾರೆ. ಅದೇ ಉದ್ದಗಲ, ಅದೇ ಸಾಲು, ಗೋಣಿತಾಟಿನಂಥ ಅದೇ ಬಟ್ಟೆ ಹಚ್ಚಿದ ಗೋಡೆ. ಪ್ರತಿ ಚಿತ್ರವೂ ಬಾರ್ನ್ಸ್ ತೂಗುಹಾಕಿದ ಜಾಗದಲ್ಲೇ. ಮೊದಲ ಕೋಣೆಯ ಎತ್ತರದ ಕಿಟಕಿಗಳ ಮೇಲೆ ಮಾತಿಸ್‌ನ ‘ನೃತ್ಯ’ ಇದೆ. ಸುಮಾರು 45 ಅಡಿ ಉದ್ದ. ಅದನ್ನು ಬರೆಯುವಾಗ ಮೊದಲು ಅಳತೆ ತಪ್ಪಿ, ಮಾತಿಸ್ ಪೂರಾ ಹೊಸದಾಗಿ ಬರೆದು 1933ರಲ್ಲಿ ತಂದು ಕೂರಿಸಿದ. ಒಂದು ಗೋಡೆಗಂತ ಮಾಡಿದ್ದನ್ನು ಬಿಚ್ಚಿ, ಆ ಗೋಡೆಯ ನಕಲಿಗೆ ಹಚ್ಚಿದ್ದಾರೆ. ಮೇರಿಯನ್ನಿನಲ್ಲಿ ಆ ಕಿಟಕಿಯಾಚೆ ಲಾರಾ ಬೆಳೆಸಿದ ತೋಟ ಇತ್ತು. ಇಲ್ಲಿ ಹೊಸದಾಗಿ ನೆಟ್ಟ ಮರಗಳು, ಅವುಗಳಾಚೆ ಟ್ರಾಫಿಕ್.

ಇನ್ನೊಂದು ಗೋಡೆಯಲ್ಲಿ ಕೆಳಗೆ ಸೆಜಾನ್‌ನ ಇಸ್ಪೀಟು ಆಡುವವರು, ಮೇಲೆ ಸೂರಾನ ರೂಪದರ್ಶಿಯರು. ಎರಡರಲ್ಲಿ ಒಂದಿದ್ದರೂ ಬೇರೆ ಮ್ಯೂಸಿಯಂನವರು ಒಂದು ಇಡೀ ಕೋಣೆ ಬಿಟ್ಟುಕೊಡುತ್ತಿದ್ದರು. ಇಲ್ಲಿ ಒಂದರ ತಲೆ ಮೇಲೆ ಒಂದು. ಪಕ್ಕದಲ್ಲಿ ಹೆಸರಿನ ಚೀಟಿ ಇಲ್ಲ, ವಿವರ ಇಲ್ಲ. ಚೌಕಟ್ಟಿನ ಮೇಲೆ ಬರೆದವನ ಹೆಸರಿನ ಸಣ್ಣ ಪಟ್ಟಿ, ಅಷ್ಟೆ. ಓದೋಕೆ ಏನೂ ಇಲ್ಲದ್ದರಿಂದ ನೋಡಲೇಬೇಕು. ಮೇಷ್ಟ್ರಾಗಿ ಹೇಳುತ್ತೇನೆ, ಇದು ಒಳ್ಳೇ ಪಾಠ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರ ಅಲ್ಲ. ಚಿತ್ರಗಳ ಸಂದಿಯಲ್ಲಿ ಕಬ್ಬಿಣ ಇತ್ತು.

ಬಿಜಾಗ್ರಿ. ಚಿಲಕ. ಅಗಳಿ. ಬೀಗದ ತೂತಿಗೆ ಹೊದಿಸುವ ತಗಡು. ಬೀಗದ ಕೈ. ಸೌಟು, ಇಕ್ಕಳ. ಎಂಟುನೂರಕ್ಕೂ ಮೇಲೆ ಇವೆಯಂತೆ. ರೆನ್ವಾನ ಹೆಂಗಸಿನ ತಲೆ ಮೇಲೆ ಒಂದು ಬಿಜಾಗ್ರಿ, ಆಕೆಯ ಸೊಂಟದ ಬಾಗನ್ನೇ ತಿರುಗಿಸಿ ಇಟ್ಟ ಹಾಗೆ. ನಮ್ಮಜ್ಜ ಕಬ್ಬಿಣದ ಕೆಲಸದ ಆಚಾರಿ. ಚಿಕ್ಕವನಿದ್ದಾಗ ಅವನ ಕುಲುಮೆಯಲ್ಲಿ ತಿದಿ ಒತ್ತಿದ್ದೇನೆ. ದೊಡ್ಡ ಬಾಗಿಲಿಗೆ ಬಿಜಾಗ್ರಿ ಮಾಡುವಾಗ ಪಟ್ಟಿಯ ತುದಿಯನ್ನು ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಎರಡೇ ಏಟಿಗೆ ಎಲೆಯ ಹಾಗೆ ಹರಡುತ್ತಿದ್ದ. ಅದು ಬೇಕಾಗೇ ಇರಲಿಲ್ಲ. ಬರೀ ಪಟ್ಟಿ ಇದ್ದರೂ ಬಾಗಿಲು ತಿರುಗುತ್ತೆ. “ಯಾಕಜ್ಜ?” ಅಂದರೆ “ಸುಮ್ನೆ” ಅನ್ನುತ್ತಿದ್ದ. ಆ “ಸುಮ್ನೆ” ಇಲ್ಲಿ ಗೋಡೆ ಮೇಲೆ, ಸೆಜಾನ್ ಪಕ್ಕ ಇತ್ತು. ಅಂಚಿನಲ್ಲಿ ಸುತ್ತಿಗೆಯ ಮೂರು ಗುರುತು. ಮೂರನೆಯದು ಸ್ವಲ್ಪ ಓರೆ. ಹತ್ತಿರ ಹೋಗಿ ನೋಡುತ್ತಿದ್ದೆ. “ಸರ್, ಗೆರೆಯಿಂದ ಹಿಂದೆ” ಅಂದಳು ಕಾವಲಿನ ಹುಡುಗಿ. ನೆಲದ ಮೇಲೆ ಗೆರೆ ಇದ್ದದ್ದನ್ನು ಆಗ ನೋಡಿದೆ.

“ಅಪ್ಪಾ, ಎಲ್ಲರೂ ವ್ಯಾನ್ ಗೋ ನೋಡ್ತಿದ್ರೆ ನೀನು ಬಾಗಿಲ ಕೀಲು ನೋಡ್ತಿದ್ಯಲ್ಲ!”

ಗೋಡೆ ತುಂಬ ಬೀಗದ ಕೈ ನೇತುಹಾಕಿದ ಈ ಮನುಷ್ಯ ಅಸಲಿ ಬೀಗದ ಕೈಯನ್ನು ಯಾರಿಗೆ ಕೊಟ್ಟಿದ್ದ ಅನ್ನುವುದೇ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು. ಸಿಟಿಯ ವಿಶ್ವವಿದ್ಯಾಲಯಗಳ ಜೊತೆ, ಕಲಾ ಸಂಸ್ಥೆಗಳ ಜೊತೆ ಜಗಳವಾಡಿ, 1950ರಲ್ಲಿ ಪತ್ರ ತಿದ್ದಿ, ಮುಂದೆ ಐದು ಟ್ರಸ್ಟಿಗಳಲ್ಲಿ ನಾಲ್ವರನ್ನು ಹೆಸರಿಸುವ ಹಕ್ಕನ್ನು ಲಿಂಕನ್ ವಿಶ್ವವಿದ್ಯಾಲಯಕ್ಕೆ ಬರೆದ. ಅದು ಹಳ್ಳಿಗಾಡಿನಲ್ಲಿರುವ, ಕರಿಯರಿಗಾಗಿ ಕಟ್ಟಿದ ಸಣ್ಣ ಕಾಲೇಜು. ದುಡ್ಡಿಲ್ಲ, ಪ್ರಭಾವ ಇಲ್ಲ. ಲೋಕದ ದೊಡ್ಡ ಖಜಾನೆಯೊಂದರ ಬೀಗದ ಕೈ ಅವರ ಸೊಂಟಕ್ಕೆ.

ಸಾಗಿಸುವ ಅರ್ಜಿ ಹಾಕಿದಾಗ ಜೊತೆಗೇ ಇನ್ನೊಂದು ಬೇಡಿಕೆ ಇತ್ತು. ಟ್ರಸ್ಟಿಗಳ ಸಂಖ್ಯೆ ಐದರಿಂದ 15ಕ್ಕೆ ಏರಲಿ. ಅಲ್ಲಿಗೆ ಲಿಂಕನ್ನಿನ ಪಾಲು ನೀರು ಬೆರೆಸಿದ ಮಜ್ಜಿಗೆ. ಕಾಲೇಜು ಮೊದಲು ವಿರೋಧಿಸಿತು. ಆಮೇಲೆ ರಾಜ್ಯ ಸರ್ಕಾರ ಅದರ ಕಟ್ಟಡಗಳಿಗೆ ಕೋಟ್ಯಂತರ ಡಾಲರ್ ಕೊಡುವ ಮಾತಾಯಿತು, ಕಾಲೇಜು ಸುಮ್ಮನಾಯಿತು. 2004ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಸ್ಟ್ಯಾನ್ಲಿ ಆಟ್ ಸಾಗಿಸಲು ಒಪ್ಪಿಗೆ ಕೊಟ್ಟರು. ಬೇರೆ ದಾರಿ ಇಲ್ಲ, ಸಾಗಿಸದಿದ್ದರೆ ಫೌಂಡೇಶನ್ ದಿವಾಳಿಯಾಗುತ್ತೆ ಅನ್ನುವುದು ವಾದ. ಹೊಸ ಕಟ್ಟಡಕ್ಕಂತ 150 ಮಿಲಿಯನ್ ಡಾಲರ್ ಕೂಡಿಸುವವರು ಅದರ ಒಂದು ಪಾಲು ಕೊಟ್ಟಿದ್ದರೂ ಮೇರಿಯನ್ ಉಳಿಯುತ್ತಿತ್ತಲ್ಲ ಅನ್ನುವುದು ವಿರೋಧಿಗಳ ಪ್ರಶ್ನೆ. ಅವರು ಮತ್ತೆ ಕೋರ್ಟಿಗೆ ಹೋದರು. 2008ರಲ್ಲಿ, ನಿಮಗೆ ಕೇಳುವ ಹಕ್ಕೇ ಇಲ್ಲ ಅಂತ ಅದೇ ನ್ಯಾಯಾಧೀಶರು ಹೇಳಿದರು. 2011ರ ಜುಲೈನಲ್ಲಿ ಮೇರಿಯನ್ ಬಾಗಿಲು ಮುಚ್ಚಿತು.

ಇದನ್ನೆಲ್ಲ ಒಳಗಿನ ಸಣ್ಣ ತೋಟದ ಹತ್ತಿರ ಬೆಂಚಿನ ಮೇಲೆ ಕೂತು ಮಗಳಿಗೆ ಹೇಳುತ್ತಿದ್ದೆ. ಅವಳು ಒಪ್ಪಲಿಲ್ಲ. ಒಪ್ಪದೇ ಇರುವುದು ಅವಳ ಹುಟ್ಟುಗುಣ.

“ಸತ್ತವನು ಇನ್ನೂ ಎಷ್ಟು ವರ್ಷ ಯಜಮಾನಿಕೆ ಮಾಡ್ಬೇಕು ಅಪ್ಪಾ? ವಾರಕ್ಕೆ 1,200 ಜನ. ಇಲ್ಲಿ ನೋಡು, ಶಾಲೆ ಮಕ್ಕಳು ಎಷ್ಟಿದ್ದಾರೆ. ಅಲ್ಲೇ ಇದ್ದಿದ್ರೆ ನಿನಗೂ ಸಿಗ್ತಿರಲಿಲ್ಲ.”

“ನನಗೆ ಸಿಗ್ತಿತ್ತು. ನಿಮ್ಮನೆ ರೈಲು ಅಲ್ಲೇ ನಿಲ್ಲುತ್ತೆ.”

“ನಿನ್ನ ಬಿಡು. ಆ ಮಕ್ಕಳಿಗೆ?”

ಎದುರಿಗೆ ಹತ್ತು ಹನ್ನೆರಡು ವರ್ಷದ ಮಕ್ಕಳ ಹಿಂಡು. ಹೆಚ್ಚಿನವರು ಕರಿಯ ಮಕ್ಕಳು. ನೆಲದ ಮೇಲೆ ಕೂತು ಅಂಚೆಯವನ ಗಡ್ಡ ಬರೆಯುತ್ತಿದ್ದರು. ಒಬ್ಬಳು ಗಡ್ಡವನ್ನು ಬರೀ ಸುರುಳಿ ಸುರುಳಿಯಾಗಿ ಬರೆದಿದ್ದಳು, ಮೂಲಕ್ಕಿಂತ ಚೆನ್ನಾಗಿ. ಬಾರ್ನ್ಸ್ ಕರೆಯಬೇಕೆಂದಿದ್ದ ಜನ ಇವರೇ. ಇವರು ಬಂದದ್ದು ಅವನು ಬರೆದಿಟ್ಟ ಮಾತನ್ನು ಮುರಿದ ಮೇಲೆ. ನನಗೆ ಉತ್ತರ ಸಿಗಲಿಲ್ಲ. ಆದರೂ ಬೀಗದ ಕೈ ಕಿತ್ತುಕೊಂಡ ರೀತಿ ಸರಿಯಿಲ್ಲ ಅಂದೆ. “ಅದು ಸರಿಯಿಲ್ಲ” ಅಂತ ಅವಳೂ ಒಪ್ಪಿದಳು. ಅಷ್ಟಕ್ಕೆ ರಾಜಿ.

ಈಗ ಪಂತದ ವಿಷಯ.

‘ಬದುಕಿನ ಖುಷಿ’ ಮೇರಿಯನ್ನಿನಲ್ಲಿ ಮೆಟ್ಟಿಲ ಹತ್ತಿರದ ಗೋಡೆಯಲ್ಲಿತ್ತು. ಹತ್ತುತ್ತಾ ಇಳಿಯುತ್ತಾ ನೋಡಬೇಕಿತ್ತು. ಇಲ್ಲಿ ಅದಕ್ಕೆ ಮಹಡಿಯಲ್ಲಿ ಒಂದು ಪ್ರತ್ಯೇಕ ಗೂಡು ಮಾಡಿಕೊಟ್ಟಿದ್ದಾರೆ. ಸುಮಾರು 6 ಅಡಿ ಎತ್ತರ, 8 ಅಡಿ ಅಗಲ. ನಲವತ್ತು ವರ್ಷ ಬೂದು ಬಣ್ಣದಲ್ಲಿ ತಲೆಯೊಳಗಿದ್ದ ಚಿತ್ರ ಒಮ್ಮೆಗೇ ಕೆಂಪು, ಹಸಿರು, ನೇರಳೆಯಾಗಿ ಎದುರು ನಿಂತಿತು. ದೂರದಲ್ಲಿ ಕುಣಿಯುವ ಪುಟ್ಟ ವೃತ್ತ. ಬಲಗಡೆ ಕೊಳಲು. ನಡುವೆ ಆ ಇಬ್ಬರು.

ಅವರ ಕೆಳಗಿನ ನೆಲ ಕೆನೆ ಬಣ್ಣ.

ಗೆದ್ದೆ! ಕನ್ನಡದಲ್ಲೇ ಜೋರಾಗಿ ಹೇಳಿಬಿಟ್ಟೆ. ಕಾವಲಿನವನು ತಿರುಗಿ ನೋಡಿದ. ಫೋಟೋ ತೆಗೆದು, ಫ್ಲ್ಯಾಶ್ ಇಲ್ಲದೆ, ದಾವಣಗೆರೆಗೆ ಕಳಿಸಿದೆ. ಅಲ್ಲಿ ರಾತ್ರಿ ಒಂದು ಗಂಟೆ ದಾಟಿರಬೇಕು.

ಮಗಳು ಫೋನಿನಲ್ಲಿ ಏನೋ ಓದುತ್ತಿದ್ದಳು. “ಅಪ್ಪಾ, ಇಲ್ಲಿ ಕೇಳು” ಅಂದಳು. ಮಾತಿಸ್ ಆ ಜಾಗಕ್ಕೆ ಹಾಕಿದ್ದು ಕ್ಯಾಡ್ಮಿಯಂ ಹಳದಿ. ಆ ಕಾಲದ ಕ್ಯಾಡ್ಮಿಯಂ ಬೆಳಕಿಗೆ, ಗಾಳಿಗೆ ಕೆಡುತ್ತದೆ. ಮೇಲ್ಪದರ ರಾಸಾಯನಿಕವಾಗಿ ಬದಲಾಗಿ ಬಿಳಿಚಿಕೊಳ್ಳುತ್ತದೆ, ಕೆಲವು ಕಡೆ ಕಂದಾಗುತ್ತದೆ. ವಿಜ್ಞಾನಿಗಳು ಕೂದಲೆಳೆಯಷ್ಟು ಬಣ್ಣದ ಚೂರು ತೆಗೆದು ಎಕ್ಸ್-ರೇಗೆ ಹಿಡಿದು ಕಂಡುಹಿಡಿದಿದ್ದಾರೆ. ನಡುವಿನ ಹೆಂಗಸರ ಕೆಳಗಿನ ನೆಲ ಮೊದಲು ಗಾಢ ಹಳದಿಯಾಗಿತ್ತು.

ಮತ್ತೆ ಹತ್ತಿರ ಹೋದೆ. ಈ ಸಲ ಗೆರೆ ನೋಡಿಕೊಂಡು. ಅಂಚಿನಲ್ಲಿ ಎಲ್ಲಾದರೂ ಹಳದಿ ಉಳಿದಿದೆಯಾ ಅಂತ ಬಗ್ಗಿ ಬಗ್ಗಿ ಹುಡುಕಿದೆ. ಇದ್ದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು.

ವಾಪಸ್ ಹೋಗುವ ರೈಲು ಮೇರಿಯನ್ನಿನಲ್ಲಿ ನಿಂತಾಗ ಫೋನು ಕುಂಯ್‌ಗುಟ್ಟಿತು. ಗೆಳೆಯ ಬೆಳಗಿನ ಜಾವದಲ್ಲೇ ಎದ್ದಿದ್ದ. ವಯಸ್ಸಾದವರಿಗೆ ನಿದ್ದೆ ಎಲ್ಲಿ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಕ್ಯಾಡ್ಮಿಯಂ ಕಥೆ ಪೂರಾ ಬರೆದೆ. ನೂರು ವರ್ಷದ ಹಿಂದೆ ಹಳದಿ, ಈಗ ಕೆನೆ, ಆದ್ದರಿಂದ ಸರಿಸಮ, ಒಬ್ಬೊಬ್ಬರು ಒಂದೊಂದು ದೋಸೆ ಕೊಡಿಸೋಣ ಅಂತ ತೀರ್ಪನ್ನೂ ಕೊಟ್ಟೆ.

ಒಂದು ಸ್ಟೇಷನ್ ದಾಟುವಷ್ಟರಲ್ಲಿ ಉತ್ತರ ಬಂತು. “ಮಾತಿಸ್ ಹಾಕಿದ್ದು ಯಾವುದಲೇ? ಹಳದಿ ತಾನೇ? ಆಮೇಲೆ ಆಗಿದ್ದನ್ನು ಕಟ್ಟಿಕೊಂಡು ನನಗೇನು? ಎರಡು ದೋಸೆ. ನಲವತ್ತು ವರ್ಷದ ಬಡ್ಡಿಗೆ ಇನ್ನೆರಡು. ಬೆಣ್ಣೆ ಜಾಸ್ತಿ.”